ಉತ್ತೇಜಕ ಮಾದಕ ವಸ್ತುಗಳ ಸೇವನೆ ಮತ್ತು ಸ್ವಯಂಹಾನಿ: ಸಾರ್ವಜನಿಕರ ಮಾಹಿತಿಗಾಗಿ

ವ್ಯಸನಮುಕ್ತಿ ಚಿಕಿತ್ಸೆಗೆ ಸಂಬಂಧಿಸಿದ ಸೇವೆಗಳನ್ನು ಕೋರಿ ಬರುವ ನಾಗರಿಕರು, ಅವರ ಪೋಷಕರು ಹಾಗೂ ಬಂಧುಗಳ ಅನುಕೂಲಕ್ಕಾಗಿ ಈ ಮಾಹಿತಿಯನ್ನು ಪ್ರಕಟಿಸಲಾಗಿದೆ. ಇದು ವೈದ್ಯರ ಸಲಹೆಗೆ ಬದಲಿಯಲ್ಲ. ತಮ್ಮ ಮನೆಯಲ್ಲಿ ಯಾರಾದರೂ ಈ ಕ್ಷಣದಲ್ಲಿ ತಮಗೆ ತಾವೇ ಹಾನಿ ಮಾಡಿಕೊಳ್ಳುವ ಸ್ಥಿತಿಯಲ್ಲಿದ್ದರೆ ಈ ಪುಟವನ್ನು ಮುಂದೆ ಓದುವ ಅಗತ್ಯವಿಲ್ಲ. ಅವರನ್ನು ಒಂಟಿಯಾಗಿ ಬಿಡದೆ 108ಕ್ಕೆ ಕರೆ ಮಾಡಿ ಆಂಬುಲೆನ್ಸ್ ಕರೆಸಿಕೊಳ್ಳುವುದು. ಮನಸ್ಸಿನ ಸಂಕಟದ ಬಗ್ಗೆ ಮಾತನಾಡಲು ಟೆಲಿ-ಮಾನಸ್ ಉಚಿತ ದೂರವಾಣಿ 14416 ದಿನದ 24 ಗಂಟೆಯೂ ಲಭ್ಯವಿದ್ದು, ಕನ್ನಡದಲ್ಲಿಯೇ ಮಾತನಾಡಬಹುದಾಗಿದೆ.

ಈ ಶಾಖೆಗೆ ವಿಚಾರಣೆಗಾಗಿ ಬರುವವರಲ್ಲಿ ಅನೇಕರು "ನಮ್ಮ ಸಂಬಂಧಿಕರ ಹುಡುಗನೊಬ್ಬನಿದ್ದಾನೆ" ಎಂದೇ ಮಾತನ್ನು ಆರಂಭಿಸುತ್ತಾರೆ. ಯಾರ ಹುಡುಗ ಎಂದು ಕೇಳುವ ಅಗತ್ಯ ನಮಗಿಲ್ಲ. ಆದರೆ ಅವರಲ್ಲಿ ಬಹುತೇಕರು ಹೇಳುವ ಇನ್ನೊಂದು ಮಾತಿದೆ: "ಈಗ ಬಿಟ್ಟಿದ್ದಾನೆ, ಮೂರು ದಿನದಿಂದ ಬರೀ ಮಲಗಿರುತ್ತಾನೆ, ಇನ್ನೇನು ಸರಿ ಹೋಗಬಹುದು." ಈ ಪುಟವನ್ನು ಸಿದ್ಧಪಡಿಸಲು ಮುಖ್ಯ ಕಾರಣ ಆ ಮಾತೇ ಆಗಿದೆ. ಉತ್ತೇಜಕ ವಸ್ತುವನ್ನು ಬಿಟ್ಟ ಮೊದಲ ಕೆಲವು ದಿನಗಳನ್ನು ಮನೆಯವರು ನೆಮ್ಮದಿಯ ದಿನಗಳೆಂದು ತಿಳಿಯುತ್ತಾರೆ. ವಾಸ್ತವದಲ್ಲಿ ಅವು ಹೆಚ್ಚಿನ ಎಚ್ಚರಿಕೆಯ ದಿನಗಳು.

ಉತ್ತೇಜಕ ವಸ್ತುಗಳು ಎಂದರೆ ಯಾವುವು?

ಮಿದುಳು ಮತ್ತು ನರಮಂಡಲದ ಚಟುವಟಿಕೆಯನ್ನು ಹೆಚ್ಚಿಸಿ, ನಿದ್ರೆ, ಹಸಿವು ಮತ್ತು ದಣಿವನ್ನು ತಾತ್ಕಾಲಿಕವಾಗಿ ಮರೆಸುವ ವಸ್ತುಗಳನ್ನು ಉತ್ತೇಜಕಗಳೆಂದು ಕರೆಯಲಾಗುತ್ತದೆ. ಕಾಫಿ, ಚಹಾದಲ್ಲಿರುವ ಕೆಫೀನ್ ಹಾಗೂ ತಂಬಾಕಿನಲ್ಲಿರುವ ನಿಕೋಟಿನ್ ಸಹ ಸೌಮ್ಯ ಉತ್ತೇಜಕಗಳೇ. ಇಲ್ಲಿ ಪ್ರಸ್ತಾಪಿಸುತ್ತಿರುವುದು ಕೊಕೇನ್, ಆಂಫೆಟಮಿನ್, ಮೆಥಾಂಫೆಟಮಿನ್, ಮೆಫೆಡ್ರೋನ್ ಮತ್ತು ಎಂಡಿಎಂಎ ಮುಂತಾದವುಗಳನ್ನು. ಎಂಡಿಎಂಎಗೆ ಉತ್ತೇಜಕ ಗುಣದ ಜೊತೆಗೆ ಗ್ರಹಿಕೆಯನ್ನು ಬದಲಿಸುವ ಗುಣವೂ ಇದೆ.

ಭಾರತ ಸರ್ಕಾರದ ಸಾಮಾಜಿಕ ನ್ಯಾಯ ಮತ್ತು ಸಬಲೀಕರಣ ಸಚಿವಾಲಯದ ಪರವಾಗಿ ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ವ್ಯಸನ ಚಿಕಿತ್ಸಾ ಕೇಂದ್ರವು ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ವರದಿ 2019ರಲ್ಲಿ ಪ್ರಕಟವಾಯಿತು. ಅದರಂತೆ 10ರಿಂದ 75 ವರ್ಷ ವಯಸ್ಸಿನವರಲ್ಲಿ ಆಂಫೆಟಮಿನ್ ಮಾದರಿಯ ಉತ್ತೇಜಕಗಳನ್ನು ಬಳಸುವವರು ಶೇ. 0.18, ಕೊಕೇನ್ ಬಳಸುವವರು ಶೇ. 0.10. ಮದ್ಯ ಸೇವಿಸುವವರ ಶೇ. 14.6ಕ್ಕೆ ಹೋಲಿಸಿದರೆ ಇದು ಅಲ್ಪವೇ. ಆದರೂ ನಮ್ಮ ದೇಶದ ಜನಸಂಖ್ಯೆಯಲ್ಲಿ ಈ ಅಲ್ಪ ಪ್ರಮಾಣವು ಲಕ್ಷಗಳ ಲೆಕ್ಕದಲ್ಲಿರುತ್ತದೆ. ಮಾರ್ಚ್ 2025ರಲ್ಲಿ ಮಂಗಳೂರು ಪೊಲೀಸರು ಬೆಂಗಳೂರಿನಲ್ಲಿ ಸುಮಾರು 37 ಕಿಲೋಗ್ರಾಂ ಎಂಡಿಎಂಎ ವಶಪಡಿಸಿಕೊಂಡ ಪ್ರಕರಣವನ್ನು ನೆನಪಿಸಿಕೊಂಡರೆ, ಇದು ಹೊರನಾಡಿನ ಸಮಸ್ಯೆ ಎಂಬ ಸಮಾಧಾನಕ್ಕೆ ಅವಕಾಶವಿಲ್ಲ.

ಒಂದು ಸ್ಪಷ್ಟೀಕರಣ ಅವಶ್ಯ. ಗಮನ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆಗೆ, ಅಂದರೆ ಎಡಿಎಚ್‌ಡಿಗೆ, ಮನೋವೈದ್ಯರು ಮೀಥೈಲ್‌ಫೆನಿಡೇಟ್ ಎಂಬ ಉತ್ತೇಜಕ ಔಷಧವನ್ನು ಬರೆದುಕೊಡುವುದುಂಟು. ವೈದ್ಯರು ಹೇಳಿದ ಪ್ರಮಾಣದಲ್ಲಿ, ಅವರ ನಿಗಾದಲ್ಲಿ ಅದನ್ನು ಸೇವಿಸುವುದು ಚಿಕಿತ್ಸೆಯೇ ಹೊರತು ವ್ಯಸನವಲ್ಲ. ಈ ಪುಟವನ್ನು ಓದಿ ಯಾರೂ ಮಗುವಿನ ಮಾತ್ರೆಯನ್ನು ನಿಲ್ಲಿಸಬಾರದೆಂದು ಕೋರಲಾಗಿದೆ. ಅದೇ ಮಾತ್ರೆಯನ್ನು ಪರೀಕ್ಷೆಯ ಸಮಯದಲ್ಲಿ ನಿದ್ದೆಗೆಡಲೆಂದು ಸ್ನೇಹಿತರಿಂದ ಪಡೆದು ನುಂಗುವುದು ಬೇರೆ ವಿಷಯ.

ಸ್ವಯಂಹಾನಿ ಎಂಬ ಪದದ ಅರ್ಥ

ವ್ಯಕ್ತಿಯು ಉದ್ದೇಶಪೂರ್ವಕವಾಗಿ ತನ್ನ ದೇಹಕ್ಕೆ ಗಾಯ ಅಥವಾ ಅಪಾಯ ಮಾಡಿಕೊಳ್ಳುವುದನ್ನು ಸ್ವಯಂಹಾನಿ ಎನ್ನಲಾಗುತ್ತದೆ. ಇದರಲ್ಲಿ ಆತ್ಮಹತ್ಯೆಯ ಪ್ರಯತ್ನವೂ ಸೇರಿದೆ, ಸಾಯುವ ಉದ್ದೇಶವಿಲ್ಲದೆ ಅಸಹನೀಯ ಸಂಕಟವನ್ನು ತಡೆಯಲಾಗದೆ ಮಾಡಿಕೊಳ್ಳುವ ಗಾಯಗಳೂ ಸೇರಿವೆ. ಎರಡನೆಯದನ್ನು "ನಾಟಕ" ಎಂದು ತಳ್ಳಿಹಾಕುವ ವಾಡಿಕೆ ನಮ್ಮಲ್ಲಿದೆ. ಒಮ್ಮೆ ಸ್ವಯಂಹಾನಿ ಮಾಡಿಕೊಂಡವರಿಗೆ ಮುಂದೆ ಆತ್ಮಹತ್ಯೆಯ ಅಪಾಯ ಹೆಚ್ಚಿರುತ್ತದೆ ಎಂಬುದು ವೈದ್ಯಲೋಕದಲ್ಲಿ ದೃಢಪಟ್ಟಿರುವ ಸಂಗತಿಯಾದ್ದರಿಂದ, ಉದ್ದೇಶವೇನಿತ್ತು ಎಂದು ಮನೆಯಲ್ಲಿಯೇ ತೀರ್ಪು ನೀಡುವುದು ಸರಿಯಲ್ಲ.

ಇವೆರಡಕ್ಕೂ ಇರುವ ಸಂಬಂಧ

ಕೆನಡಾದ ವ್ಯಾಂಕೂವರ್ ನಗರದಲ್ಲಿ ಮಾದಕ ವಸ್ತುಗಳನ್ನು ಚುಚ್ಚುಮದ್ದಿನ ಮೂಲಕ ಬಳಸುವವರನ್ನು ಹಲವು ವರ್ಷ ಅನುಸರಿಸಿ ನಡೆಸಿದ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ಮೆಥಾಂಫೆಟಮಿನ್ ಚುಚ್ಚಿಕೊಳ್ಳುವವರಲ್ಲಿ ಆತ್ಮಹತ್ಯೆಗೆ ಪ್ರಯತ್ನಿಸುವ ಸಂಭವವು ಇತರರಿಗಿಂತ ಶೇ. 80ರಷ್ಟು ಹೆಚ್ಚು ಎಂದು ಅದರಲ್ಲಿ ಕಂಡುಬಂದಿತು. ಹೀಗಿದ್ದರೂ ಇದನ್ನು "ಮಾದಕ ವಸ್ತು ಕಾರಣ, ಸ್ವಯಂಹಾನಿ ಪರಿಣಾಮ" ಎಂಬ ಒಂದೇ ಸಾಲಿನಲ್ಲಿ ಬರೆದಿಡಲಾಗದು. ಬಾಲ್ಯದಲ್ಲಿ ಹಿಂಸೆ ಅನುಭವಿಸಿದವರು, ಚಿಕಿತ್ಸೆ ದೊರೆಯದ ಖಿನ್ನತೆ ಇರುವವರು, ಎಡಿಎಚ್‌ಡಿ ಇದ್ದೂ ಗುರುತಿಸಲ್ಪಡದವರು ತಮ್ಮ ಮನಸ್ಸನ್ನು ಎತ್ತಿ ಹಿಡಿಯಲೆಂದೇ ಉತ್ತೇಜಕದ ಕಡೆಗೆ ಹೋಗುವುದುಂಟು. ಅಂಥವರಲ್ಲಿ ಸಂಕಟ ಮೊದಲು ಬಂದಿರುತ್ತದೆ, ವಸ್ತು ಆನಂತರ. ಎರಡೂ ಒಂದನ್ನೊಂದು ಬೆಳೆಸುತ್ತಾ ಹೋಗುತ್ತವೆ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ವರದಿಯಂತೆ 2022ರಲ್ಲಿ ದೇಶದಲ್ಲಿ 1,70,924 ಮಂದಿ ಆತ್ಮಹತ್ಯೆಯಿಂದ ಮೃತಪಟ್ಟಿದ್ದು, ಅವುಗಳಲ್ಲಿ ಶೇ. 6.8ಕ್ಕೆ ಮಾದಕ ವಸ್ತು ಅಥವಾ ಮದ್ಯ ವ್ಯಸನವೇ ಕಾರಣವೆಂದು ದಾಖಲಾಗಿದೆ. ನಮೂನೆಯ ಕಾಲಂನಲ್ಲಿ ಒಂದು ಸಾವಿಗೆ ಒಂದು ಕಾರಣವನ್ನು ಮಾತ್ರ ಬರೆಯಲಾಗುತ್ತದೆ. ಸಾಲ, ಕೌಟುಂಬಿಕ ಕಲಹ, ಪರೀಕ್ಷೆಯಲ್ಲಿ ಅನುತ್ತೀರ್ಣತೆ ಎಂದು ಬರೆದ ಪ್ರಕರಣಗಳ ಹಿಂದೆಯೂ ವ್ಯಸನವಿರಬಹುದು. ವ್ಯಸನವೆಂದು ಬರೆದ ಪ್ರಕರಣಗಳ ಹಿಂದೆ ಬೇರೇನೋ ಇರಬಹುದು. ಮೇಲಾಗಿ ಈ ಅಂಕಿಯಲ್ಲಿ ಉತ್ತೇಜಕಗಳನ್ನು ಪ್ರತ್ಯೇಕಿಸಿಲ್ಲ.

ಅಪಾಯವು ಎಲ್ಲ ಕಾಲದಲ್ಲಿಯೂ ಒಂದೇ ರೀತಿಯದಲ್ಲ. ಅಮಲಿನಲ್ಲಿರುವಾಗ ಅದು ಒಂದು ಬಗೆ. ಮಿದುಳಿನಲ್ಲಿ ಡೋಪಮಿನ್ ಮತ್ತು ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕಗಳ ಪ್ರಮಾಣ ಒಮ್ಮೆಲೇ ಏರುವುದರಿಂದ ಆಲೋಚನೆಗೂ ಕ್ರಿಯೆಗೂ ನಡುವಿನ ಅಂತರ ಕಡಿಮೆಯಾಗುತ್ತದೆ. ಇನ್ನೊಂದು ವೇಳೆಯಲ್ಲಿ ಮನಸ್ಸಿಗೆ ಬಂದು ಹೋಗಬಹುದಾಗಿದ್ದ ಯೋಚನೆ ಆ ವೇಳೆಯಲ್ಲಿ ಕೃತ್ಯವಾಗಿಬಿಡಬಹುದು. ಎರಡು ಮೂರು ರಾತ್ರಿ ನಿದ್ರೆಯಿಲ್ಲದೆ ಸೇವನೆ ಮುಂದುವರಿದರೆ ಸೈಕೋಸಿಸ್ ಎಂಬ ಚಿತ್ತವಿಕಲತೆ ತಲೆದೋರುವುದುಂಟು. ಯಾರೋ ಹಿಂಬಾಲಿಸುತ್ತಿದ್ದಾರೆ ಎಂಬ ಬಲವಾದ ಸಂಶಯ, ಇಲ್ಲದ ಧ್ವನಿಗಳು ಕೇಳಿಸುವುದು, ಆ ಧ್ವನಿಗಳು ಆಜ್ಞೆ ಮಾಡಿದಂತೆ ತೋರುವುದು ಇದರ ಲಕ್ಷಣಗಳು. ಚರ್ಮದೊಳಗೆ ಹುಳು ಹರಿದಾಡಿದಂತೆ ಭಾಸವಾಗಿ ಮೈಯನ್ನು ಕೆರೆದು ಕೆರೆದು ಗಾಯ ಮಾಡಿಕೊಳ್ಳುವುದೂ ಕಂಡುಬರುತ್ತದೆ. ಈ ಗಾಯಗಳನ್ನು ಕಂಡ ಮನೆಯವರು ಚರ್ಮರೋಗದ ವೈದ್ಯರಲ್ಲಿಗೆ ಕರೆದೊಯ್ದು ಮೂಲ ವಿಷಯವನ್ನು ತಿಳಿಸದೇ ಬರುವುದರಿಂದ ಪ್ರಯೋಜನವಾಗುವುದಿಲ್ಲ. ಕೊಕೇನ್ ಜೊತೆಗೆ ಮದ್ಯವನ್ನೂ ಸೇವಿಸಿದಾಗ ಯಕೃತ್ತಿನಲ್ಲಿ ಕೋಕಎಥಿಲೀನ್ ಎಂಬ ಮತ್ತೊಂದು ವಸ್ತು ಉಂಟಾಗುತ್ತದೆ. ಅದು ದೇಹದಲ್ಲಿ ಕೊಕೇನಿಗಿಂತ ಹೆಚ್ಚು ಹೊತ್ತು ಉಳಿಯುವಂಥದು, ಹೃದಯಕ್ಕೂ ಅಪಾಯಕಾರಿ.

ಬಿಟ್ಟ ನಂತರದ ದಿನಗಳು

ಸೇವನೆ ನಿಂತ ಕೂಡಲೇ ಬರುವ ಸ್ಥಿತಿಯನ್ನು ವೈದ್ಯರು ಕುಸಿತ ಎನ್ನುತ್ತಾರೆ. ವಾಣಿಜ್ಯಶಾಸ್ತ್ರ ಓದಿದವರ ಮಾತಿನಲ್ಲಿ ಹೇಳುವುದಾದರೆ, ಸಾಲವಾಗಿ ತಂದ ಹಣವನ್ನು ಆದಾಯವೆಂದು ಲೆಕ್ಕಕ್ಕೆ ತೆಗೆದುಕೊಂಡು ಖರ್ಚು ಮಾಡಿದವನಿಗೆ ವಾಯಿದೆಯ ದಿನ ಬಂದಂತೆ. ಮಿದುಳು ತನ್ನ ಸಹಜ ಉಲ್ಲಾಸದ ದಾಸ್ತಾನನ್ನು ಮುಂಗಡವಾಗಿಯೇ ಖಾಲಿ ಮಾಡಿಕೊಂಡಿರುತ್ತದೆ.

ಮದ್ಯವನ್ನು ಹಠಾತ್ತನೆ ಬಿಟ್ಟವರಲ್ಲಿ ಕೈನಡುಕ, ಬೆವರು, ಕೆಲವೊಮ್ಮೆ ಮೂರ್ಛೆ ಕಾಣಿಸಿಕೊಳ್ಳುತ್ತದೆ. ಮನೆಯವರು ಗಾಬರಿಯಾಗಿ ಆಸ್ಪತ್ರೆಗೆ ಕರೆತರುತ್ತಾರೆ. ಉತ್ತೇಜಕವನ್ನು ಬಿಟ್ಟವರಲ್ಲಿ ಕಣ್ಣಿಗೆ ಬೀಳುವುದು ಇಷ್ಟೇ: ಆತ ದಿನಗಟ್ಟಲೆ ಮಲಗುತ್ತಾನೆ, ಎದ್ದಾಗ ಹೊಟ್ಟೆತುಂಬ ಉಣ್ಣುತ್ತಾನೆ, ಮತ್ತೆ ಮಲಗುತ್ತಾನೆ. ತಾಯಿಗೆ ಇದು ಸಂತೋಷದ ವಿಷಯವಾಗಿ ತೋರುತ್ತದೆ. ತಿಂಗಳುಗಳ ನಂತರ ಮಗ ಮನೆಯಲ್ಲಿದ್ದಾನೆ, ಊಟ ಮಾಡುತ್ತಿದ್ದಾನೆ. ಒಳಗೆ ನಡೆಯುತ್ತಿರುವುದು ಬೇರೆ. ಯಾವುದರಲ್ಲಿಯೂ ಸಂತೋಷ ಕಾಣದ ಮಂಕು, ತೀವ್ರ ಪಶ್ಚಾತ್ತಾಪ, ಸಿಡುಕು, ಮತ್ತೆ ವಸ್ತು ಬೇಕೆಂಬ ಹಂಬಲ ಇವೆಲ್ಲ ಒಟ್ಟಿಗೆ ಬರುತ್ತವೆ. ಅಮಲಿನ ಕಾಲದಲ್ಲಿ ಮಾಡಿದ ಸಾಲ, ಕಳೆದುಕೊಂಡ ಕೆಲಸ, ಅಮ್ಮನ ಒಡವೆ ಅಡವಿಟ್ಟಿದ್ದು, ಎಲ್ಲವೂ ನೆನಪಿಗೆ ಬರುವುದು ಈ ದಿನಗಳಲ್ಲಿಯೇ. ಬದುಕಿರುವುದೇ ಬೇಡ ಎಂಬ ಯೋಚನೆ ಈ ಹಂತದಲ್ಲಿ ಬರಬಹುದು ಎಂದು ವೈದ್ಯಕೀಯ ಮಾರ್ಗಸೂಚಿಗಳು ಎಚ್ಚರಿಸುತ್ತವೆ.

ಮೆಥಾಂಫೆಟಮಿನ್ ವಿಷಯದಲ್ಲಿ ತೀವ್ರ ಹಂತವು ಸಾಮಾನ್ಯವಾಗಿ ಒಂದು ವಾರದಿಂದ ಹತ್ತು ದಿನ ಇರುತ್ತದೆ. ಅನಂತರ ಕನಿಷ್ಠ ಇನ್ನೆರಡು ವಾರ ಲಕ್ಷಣಗಳು ಸೌಮ್ಯವಾಗಿ ಮುಂದುವರಿಯುತ್ತವೆ. ಎಂಡಿಎಂಎ ಸೇವಿಸಿದ ಕೆಲವರಲ್ಲಿ ಮಂಕುತನವು ಮರುದಿನವೇ ಕಾಣದೆ ಎರಡು ಮೂರು ದಿನ ಕಳೆದು ಕಾಣಿಸುವುದರಿಂದ, ಎರಡನ್ನೂ ಜೋಡಿಸಿ ನೋಡುವುದು ಮನೆಯವರಿಗೆ ಕಷ್ಟವಾಗುತ್ತದೆ. ಈ ದಿನಗಳು ಕಳೆಯುತ್ತವೆ ಎಂಬುದು ಅಷ್ಟೇ ಮುಖ್ಯವಾದ ಸಂಗತಿ. ಕುಸಿತದ ಮಧ್ಯದಲ್ಲಿರುವ ವ್ಯಕ್ತಿಗೆ ಅದು ತಾತ್ಕಾಲಿಕವೆಂದು ತೋರುವುದಿಲ್ಲವಾದ್ದರಿಂದ, ಪಕ್ಕದಲ್ಲಿರುವವರು ಅದನ್ನು ಹೇಳುತ್ತಿರಬೇಕು.

ಮನೆಯವರು ಗಮನಿಸತಕ್ಕದ್ದು

ಮೊದಲ ಎರಡು ವಾರ ಆ ವ್ಯಕ್ತಿಯನ್ನು ಒಂಟಿಯಾಗಿ ಬಿಡದಿರುವುದು ಒಳ್ಳೆಯದು. ಕಾವಲು ಕಾಯುವಂತೆ ಅಲ್ಲ, ಮನೆಯಲ್ಲಿ ಒಬ್ಬರು ಇರುವಂತೆ. ಜಮೀನಿಗೆ ತಂದ ಕೀಟನಾಶಕ, ಮನೆಯ ಹಿರಿಯರು ಸೇವಿಸುವ ಮಾತ್ರೆಗಳು ಮುಂತಾದವುಗಳನ್ನು ಬೀಗ ಹಾಕಿಡುವುದು ಅಥವಾ ಕೆಲ ಕಾಲ ಬೇರೆಯವರ ಮನೆಯಲ್ಲಿ ಇರಿಸುವುದು. ಹಾನಿಯ ಯೋಚನೆ ತೀವ್ರವಾಗಿರುವ ಅವಧಿ ಅನೇಕ ವೇಳೆ ಚಿಕ್ಕದಾಗಿರುತ್ತದೆ. ಆ ಹೊತ್ತಿನಲ್ಲಿ ಸಾಧನ ಕೈಗೆ ಸಿಗದಿದ್ದರೆ ಜೀವ ಉಳಿಯುತ್ತದೆ.

"ನಿನಗೆ ಸಾಯಬೇಕು ಅನ್ನಿಸುತ್ತಿದೆಯಾ?" ಎಂದು ನೇರವಾಗಿ ಕೇಳಲು ಹೆಚ್ಚಿನವರು ಹಿಂಜರಿಯುತ್ತಾರೆ. ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗುತ್ತದೆ ಎಂಬುದು ತಪ್ಪು ತಿಳುವಳಿಕೆ. ಶಾಂತವಾಗಿ ಕೇಳಿದರೆ ಬಹುಮಂದಿಗೆ ಹಗುರವೆನಿಸುತ್ತದೆ. ಉತ್ತರ "ಹೌದು" ಎಂದಾದರೆ ಬುದ್ಧಿವಾದ ಹೇಳದೆ, ಆಣೆ ಪ್ರಮಾಣ ಮಾಡಿಸಿಕೊಳ್ಳದೆ, ಅದೇ ದಿನ ವೈದ್ಯರಲ್ಲಿಗೆ ಕರೆದುಕೊಂಡು ಹೋಗಬೇಕು. ಸಾಲದ ಲೆಕ್ಕ ಕೇಳುವುದು, ನೆಂಟರ ಮುಂದೆ ವಿಚಾರಣೆ ಮಾಡುವುದು ಈ ಎರಡು ವಾರಗಳ ಮಟ್ಟಿಗೆ ಬೇಡ. ಲೆಕ್ಕ ಎಲ್ಲಿಗೂ ಹೋಗುವುದಿಲ್ಲ.

ಸೇವನೆಯ ನಂತರ ಮೈ ವಿಪರೀತ ಬಿಸಿಯಾಗುವುದು, ಎದೆನೋವು, ಅಪಸ್ಮಾರದಂತೆ ಸೆಟೆದುಕೊಳ್ಳುವುದು, ಪ್ರಜ್ಞೆ ತಪ್ಪುವುದು ಕಂಡುಬಂದರೆ ಅದು ತುರ್ತು ಸ್ಥಿತಿ. ಏನು ಸೇವಿಸಲಾಗಿದೆ ಎಂಬುದನ್ನು ವೈದ್ಯರಿಗೆ ಮರೆಮಾಚದೆ ತಿಳಿಸುವುದು.

ಕಾನೂನಿನ ಭಯದ ಬಗ್ಗೆ

ಜನರು ಚಿಕಿತ್ಸೆಗೆ ತಡವಾಗಿ ಬರಲು ಹಣದ ತೊಂದರೆಗಿಂತ ಪೊಲೀಸ್ ಪ್ರಕರಣದ ಭಯವೇ ದೊಡ್ಡ ಕಾರಣವೆಂಬುದು ಈ ಶಾಖೆಯ ಅನುಭವ. ಆದ್ದರಿಂದ ಸದರಿ ವಿಷಯವನ್ನು ಸ್ವಲ್ಪ ವಿವರವಾಗಿ ತಿಳಿಸಲಾಗಿದೆ.

ಎನ್‌ಡಿಪಿಎಸ್ ಅಧಿನಿಯಮ ಎಂದೇ ಪರಿಚಿತವಾಗಿರುವ 1985ರ ಮಾದಕ ದ್ರವ್ಯಗಳು ಮತ್ತು ಮನೋಪ್ರಭಾವಕ ವಸ್ತುಗಳ ಅಧಿನಿಯಮದ 27ನೇ ಕಲಂ ಪ್ರಕಾರ ಸೇವನೆಯೂ ಅಪರಾಧವೇ. ಕೊಕೇನ್ ಮುಂತಾದವುಗಳಿಗೆ ಒಂದು ವರ್ಷದವರೆಗೆ ಕಾರಾಗೃಹವಾಸ ಅಥವಾ 20,000 ರೂಪಾಯಿಗಳವರೆಗೆ ದಂಡ ಅಥವಾ ಎರಡೂ, ಇತರ ವಸ್ತುಗಳಿಗೆ ಆರು ತಿಂಗಳವರೆಗೆ ಕಾರಾಗೃಹವಾಸ ಅಥವಾ 10,000 ರೂಪಾಯಿಗಳವರೆಗೆ ದಂಡ ಅಥವಾ ಎರಡೂ ವಿಧಿಸಬಹುದು. ಆದರೆ ಅದೇ ಅಧಿನಿಯಮದಲ್ಲಿ 64ಎ ಎಂಬ ಕಲಂ ಇದೆ. ಸೇವನೆಯ ಅಥವಾ ಅಲ್ಪ ಪ್ರಮಾಣದ ಅಪರಾಧದ ಆರೋಪವಿರುವ ವ್ಯಸನಿಯು ಸರ್ಕಾರ ಅಥವಾ ಸ್ಥಳೀಯ ಸಂಸ್ಥೆ ನಡೆಸುವ ಅಥವಾ ಮಾನ್ಯ ಮಾಡಿದ ಆಸ್ಪತ್ರೆಯಲ್ಲಿ ಸ್ವಇಚ್ಛೆಯಿಂದ ಚಿಕಿತ್ಸೆ ಪಡೆದರೆ ಆತನನ್ನು ಅಭಿಯೋಜನೆಗೆ ಗುರಿಪಡಿಸತಕ್ಕದ್ದಲ್ಲ ಎಂದು ಅದು ಹೇಳುತ್ತದೆ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟರೆ ಈ ರಕ್ಷಣೆಯನ್ನು ಹಿಂಪಡೆಯಬಹುದು. ಮಾರಾಟ ಮಾಡುವವರಿಗೆ ಇದು ಅನ್ವಯಿಸುವುದಿಲ್ಲ.

ಸ್ವಯಂಹಾನಿಯ ವಿಷಯದಲ್ಲಿ ಕಾನೂನು ಇನ್ನೂ ಸ್ಪಷ್ಟವಾಗಿದೆ. ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮ, 2017ರ 115ನೇ ಕಲಂ ಪ್ರಕಾರ, ಆತ್ಮಹತ್ಯೆಗೆ ಪ್ರಯತ್ನಿಸಿದ ವ್ಯಕ್ತಿಯು ತೀವ್ರ ಮಾನಸಿಕ ಒತ್ತಡದಲ್ಲಿದ್ದನೆಂದೇ ಭಾವಿಸತಕ್ಕದ್ದು, ಆ ಪ್ರಯತ್ನಕ್ಕಾಗಿ ಶಿಕ್ಷಿಸತಕ್ಕದ್ದಲ್ಲ. ಆತನಿಗೆ ಆರೈಕೆ, ಚಿಕಿತ್ಸೆ ಮತ್ತು ಪುನರ್ವಸತಿ ಒದಗಿಸುವುದು ಸರ್ಕಾರದ ಕರ್ತವ್ಯ. ಹಿಂದಿನ ಭಾರತೀಯ ದಂಡ ಸಂಹಿತೆಯಲ್ಲಿದ್ದ 309ನೇ ಕಲಂ 1 ಜುಲೈ 2024ರಿಂದ ಜಾರಿಗೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಮುಂದುವರಿದಿಲ್ಲ. ಹೊಸ ಸಂಹಿತೆಯ 226ನೇ ಕಲಂ ಅನ್ವಯಿಸುವುದು ಸರ್ಕಾರಿ ನೌಕರನ ಮೇಲೆ ಒತ್ತಡ ತರಲು ಅಥವಾ ಆತನ ಕರ್ತವ್ಯವನ್ನು ತಡೆಯಲು ಮಾಡುವ ಪ್ರಯತ್ನಕ್ಕೆ ಮಾತ್ರ. ಆಸ್ಪತ್ರೆಯಲ್ಲಿ ಎಂಎಲ್‌ಸಿ ಎಂದು ನೋಂದಾಯಿಸಿದರೆಂದು ಗಾಬರಿಯಾಗಿ ರೋಗಿಯನ್ನು ಮನೆಗೆ ಕರೆದೊಯ್ದ ಪ್ರಸಂಗಗಳುಂಟು. ಅದು ದಾಖಲಾತಿಯ ಒಂದು ಕ್ರಮವಷ್ಟೇ.

ಚಿಕಿತ್ಸೆ ಮತ್ತು ಸೇವೆಗಳು

ಮದ್ಯ ಮತ್ತು ಮಾದಕ ವಸ್ತುಗಳ ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳನ್ನು 2017ರ ಅಧಿನಿಯಮವು ಮಾನಸಿಕ ಅಸ್ವಸ್ಥತೆಯ ವ್ಯಾಖ್ಯೆಯಲ್ಲಿಯೇ ಸೇರಿಸಿದೆ. ಆದ್ದರಿಂದ ಆ ಕಾನೂನಿನ ಎಲ್ಲ ಹಕ್ಕುಗಳೂ ವ್ಯಸನಿಗಳಿಗೆ ದೊರೆಯುತ್ತವೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಉತ್ತರ ಕರ್ನಾಟಕದವರು ಧಾರವಾಡದ ಡಿಮ್ಹಾನ್ಸ್ ಅನ್ನು ಸಂಪರ್ಕಿಸಬಹುದು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಅಡಿಯಲ್ಲಿ ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರ ಸೇವೆ ಇದೆ. ವ್ಯಸನಮುಕ್ತಿಯ ಬಗ್ಗೆ ಮಾಹಿತಿಗೆ ರಾಷ್ಟ್ರೀಯ ಉಚಿತ ಸಹಾಯವಾಣಿ 14446.

ಉತ್ತೇಜಕಗಳ ವ್ಯಸನಕ್ಕೆ ಮದ್ಯ ಅಥವಾ ಹೆರಾಯಿನ್ ವ್ಯಸನಕ್ಕಿರುವಂತೆ ದೃಢಪಟ್ಟ ಔಷಧ ಇನ್ನೂ ಇಲ್ಲ. "ಒಂದು ಇಂಜೆಕ್ಷನ್ನಿನಲ್ಲಿ ಬಿಡಿಸುತ್ತೇವೆ" ಎಂಬ ಜಾಹೀರಾತುಗಳನ್ನು ನಂಬಬಾರದು. ಆಪ್ತಸಮಾಲೋಚನೆ, ಆಲೋಚನೆ ಮತ್ತು ನಡವಳಿಕೆಯನ್ನು ತಿದ್ದುವ ಚಿಕಿತ್ಸೆ, ಸೇವನೆಯಿಲ್ಲದ ದಿನಗಳಿಗೆ ಸಣ್ಣ ಬಹುಮಾನ ನೀಡಿ ಪ್ರೋತ್ಸಾಹಿಸುವ ಪದ್ಧತಿ ಇವುಗಳಿಂದ ಪ್ರಯೋಜನವಾಗಿರುವುದು ಅಧ್ಯಯನಗಳಲ್ಲಿ ಕಂಡುಬಂದಿದೆ. ಖಿನ್ನತೆ, ಸೈಕೋಸಿಸ್ ಇದ್ದರೆ ಅವುಗಳಿಗೆ ಔಷಧವುಂಟು.

ಖಾಸಗಿ ಕೇಂದ್ರಕ್ಕೆ ಸೇರಿಸುವ ಮುನ್ನ ಅದು ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿಯಾಗಿದೆಯೇ ಎಂದು ವಿಚಾರಿಸುವುದು. ಸರಪಳಿಯಿಂದ ಕಟ್ಟುವುದನ್ನು ಕಾನೂನು ನಿಷೇಧಿಸಿದೆ, ಬಲವಂತವಾಗಿ ತಲೆ ಬೋಳಿಸುವಂತೆಯೂ ಇಲ್ಲ. ಇಂಥ ಅವಮಾನದಿಂದ ಹೊರಬಂದ ವ್ಯಕ್ತಿಯ ಸಂಕಟ ಇಮ್ಮಡಿಯಾಗುತ್ತದೆಯೇ ವಿನಾ ಕಡಿಮೆಯಾಗುವುದಿಲ್ಲ.

ಅರ್ಜಿದಾರರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳು

ಬಿಪಿಎಲ್ ಕಾರ್ಡ್ ಇಲ್ಲದಿದ್ದರೆ ಉಚಿತ ಚಿಕಿತ್ಸೆ ದೊರೆಯುವುದಿಲ್ಲವೇ?
ಬಡತನ ರೇಖೆಗಿಂತ ಕೆಳಗಿರುವವರು, ನಿರ್ಗತಿಕರು ಮತ್ತು ವಸತಿಹೀನರು ಕಾರ್ಡ್ ಹೊಂದಿರಲಿ, ಇಲ್ಲದಿರಲಿ, ಸರ್ಕಾರಿ ಮಾನಸಿಕ ಆರೋಗ್ಯ ಸಂಸ್ಥೆಗಳಲ್ಲಿ ಉಚಿತ ಚಿಕಿತ್ಸೆಗೆ ಅರ್ಹರು. 2017ರ ಅಧಿನಿಯಮದ 18ನೇ ಕಲಂನಲ್ಲಿ ಇದನ್ನು ಸ್ಪಷ್ಟಪಡಿಸಲಾಗಿದೆ. ಕಾರ್ಡ್ ಇದ್ದವರು ತಂದರೆ ಕೆಲಸ ಬೇಗ ಆಗುತ್ತದೆ ಎಂಬುದೂ ನಿಜ.

ಚಿಕಿತ್ಸೆ ಪಡೆದ ವಿಷಯ ಪಾಸ್‌ಪೋರ್ಟ್ ಅಥವಾ ನೌಕರಿಯ ಪೊಲೀಸ್ ಪರಿಶೀಲನೆಯಲ್ಲಿ ಬರುತ್ತದೆಯೇ?
ಪೊಲೀಸ್ ಪರಿಶೀಲನೆಯಲ್ಲಿ ನೋಡುವುದು ಕ್ರಿಮಿನಲ್ ಪ್ರಕರಣಗಳನ್ನು. ಚಿಕಿತ್ಸೆ ಪಡೆಯುವುದು ಪ್ರಕರಣವಲ್ಲ. ಚಿಕಿತ್ಸೆಯ ವಿವರಗಳನ್ನು ಗೌಪ್ಯವಾಗಿಡುವುದು 23ನೇ ಕಲಂ ಪ್ರಕಾರ ರೋಗಿಯ ಹಕ್ಕು.

ಮಗ ವಯಸ್ಕ, ಬರಲು ಒಪ್ಪುವುದಿಲ್ಲ. ಏನು ಮಾಡಬೇಕು?
ಮೊದಲು ಪೋಷಕರೇ 14416ಕ್ಕೆ ಕರೆ ಮಾಡಿ ಸಲಹೆ ಪಡೆಯಬಹುದು, ಮಗ ಜೊತೆಗಿರಬೇಕೆಂದಿಲ್ಲ. ಜೀವಕ್ಕೆ ಅಪಾಯವಿರುವ ತುರ್ತು ಸ್ಥಿತಿಯಲ್ಲಿ ಯಾವುದೇ ನೋಂದಾಯಿತ ವೈದ್ಯರು 72 ಗಂಟೆಗಳವರೆಗೆ ತುರ್ತು ಚಿಕಿತ್ಸೆ ನೀಡಲು 94ನೇ ಕಲಂ ಅವಕಾಶ ನೀಡಿದೆ. ನಾಮನಿರ್ದೇಶಿತ ಪ್ರತಿನಿಧಿ ಲಭ್ಯವಿದ್ದರೆ ಅವರ ಸಮ್ಮತಿ ಪಡೆಯಲಾಗುತ್ತದೆ. ಅದಕ್ಕೂ ಮೀರಿದ ದಾಖಲಾತಿ ಅಗತ್ಯವಿದ್ದಲ್ಲಿ, ಇಬ್ಬರು ತಜ್ಞರು ಪ್ರತ್ಯೇಕವಾಗಿ ಪರೀಕ್ಷಿಸಿದ ನಂತರ, ಪ್ರತಿನಿಧಿಯ ಅರ್ಜಿಯ ಮೇರೆಗೆ 89ನೇ ಕಲಂ ಅನ್ವಯ 30 ದಿನಗಳವರೆಗೆ ದಾಖಲಿಸಿಕೊಳ್ಳಬಹುದು.

ಬಿಟ್ಟವನು ಮತ್ತೆ ಸೇವಿಸಿದ್ದಾನೆ. ಪುನಃ ಅರ್ಜಿ ಸಲ್ಲಿಸಬಹುದೇ?
ಸಲ್ಲಿಸಬಹುದು. ಎಷ್ಟು ಬಾರಿ ಎಂಬ ಮಿತಿಯಿಲ್ಲ. ಮರಳಿ ಬಂದಾಗ ಹಿಂದಿನ ಚಿಕಿತ್ಸೆಯ ಚೀಟಿ, ಸೇವಿಸುತ್ತಿದ್ದ ಔಷಧಗಳ ಹೆಸರು ಮತ್ತು ಕೊನೆಯ ಬಾರಿ ವಸ್ತು ಸೇವಿಸಿದ ದಿನಾಂಕವನ್ನು ಬರೆದು ತರುವುದು. ದಿನಾಂಕ ಗೊತ್ತಿದ್ದರೆ ಕುಸಿತದ ದಿನಗಳು ಯಾವುವು ಎಂಬುದನ್ನು ವೈದ್ಯರು ಅಂದಾಜು ಮಾಡಲು ಸಾಧ್ಯವಾಗುತ್ತದೆ.